ಅರಳೆ ವ್ಯಾಪಾರಿಯ ಕೊನೆಯ ಸುತ್ತು

“ಗುರುಗಳೇ, ಧ್ಯಾನಕ್ಕೆ ಬಂದವರಿಗೆಲ್ಲ ಚಾಪೆ ಹಾಸುವವನು ನಾನು. ಅವರು ಕೂರುತ್ತಾರೆ, ನಾನು ಓಡಾಡುತ್ತೇನೆ. ನಾನು ಕೂರುವುದು ಯಾವಾಗ?”

ಕೇಳಿದವನು ಮುರಿಗೆಯ್ಯ. ಮಠದ ಉಸ್ತುವಾರಿಯೆಲ್ಲ ಈ ಶಿಷ್ಯನದೇ. ಮಾತಿನಲ್ಲಿ ವಿನಯವಿತ್ತು, ಒಳಗೆ ಸಿಟ್ಟೂ ಇತ್ತು. ಗುರುಗಳಿಗೆ ಸಿಟ್ಟೇ ಮೊದಲು ಕಂಡಿತು, ನಕ್ಕರು.

“ಈಗ ಕೂತಿದ್ದೀಯಲ್ಲ, ಹಾಗೇ ಕೂತಿರು. ನಡುವೆ ಬಾಯಿ ಹಾಕಬೇಡ” ಎಂದು ಕತೆ ಶುರುಮಾಡಿದರು.

ಒಂದೂರಿನಲ್ಲಿ ಒಬ್ಬ ಅರಳೆ ವ್ಯಾಪಾರಿ. ಅವನಿಗೆ ಚದುರಂಗದ ಹುಚ್ಚು. ಹುಚ್ಚೆಂದರೆ ಅಂತಿಂಥದ್ದಲ್ಲ. ಊಟದೆಲೆಯ ಮೇಲೆ ಉಪ್ಪನ್ನು ರಾಜನೆಂದು, ಉಪ್ಪಿನಕಾಯಿಯನ್ನು ಮಂತ್ರಿಯೆಂದು ನಡೆಸುತ್ತಾ ಕೂತರೆ ಅನ್ನ ಆರಿ ಹೋಗುತ್ತಿತ್ತು. ಹೆಂಡತಿ ಹಣೆ ಚಚ್ಚಿಕೊಳ್ಳುತ್ತಿದ್ದಳು. ಊರಿನಲ್ಲಿ ಅವನನ್ನು ಸೋಲಿಸುವವರು ಯಾರೂ ಇರಲಿಲ್ಲ.

ಅವನಿಗಿದ್ದದ್ದು ಒಂದೇ ಆಸೆ. ದೂರದ ಸೀಮೆಯಲ್ಲಿ ಒಬ್ಬ ವೃದ್ಧ ಆಟಗಾರನಿದ್ದ. ಆ ವೃದ್ಧ ಸೋತದ್ದನ್ನು ಕಂಡವರೇ ಇಲ್ಲ ಎಂದು ಜನ ಹೇಳುತ್ತಿದ್ದರು. ಸಾಯುವುದರೊಳಗೆ ಅವನೆದುರು ಒಮ್ಮೆ ಕೂರಬೇಕು. ಗೆಲ್ಲುವುದು ಹಾಗಿರಲಿ, ಅಂಥವನ ಕೈ ಕಾಯಿಯ ಮೇಲೆ ಇಳಿಯುವುದನ್ನು ಎದುರಿನಿಂದ ನೋಡಿದರೆ ಸಾಕು ಎಂದುಕೊಂಡಿದ್ದ. ಪಲ್ಲಕ್ಕಿ ಕಳಿಸುತ್ತೇನೆ, ಬನ್ನಿ ಎಂದು ಹೇಳಿಕಳಿಸಿದ. ಒಬ್ಬನ ಮನೆಗೆ ಆಡಲು ಬರುವವನಲ್ಲ ನಾನು, ಯಾರಿಗೂ ಬಾಗಿಲು ಮುಚ್ಚದ ಕಡೆ ಆಟವಿದ್ದರೆ ಹೇಳು, ಬರುತ್ತೇನೆ ಎಂದು ವೃದ್ಧನಿಂದ ಉತ್ತರ ಬಂತು.

ವ್ಯಾಪಾರಿ ಹಿಂದೆಮುಂದೆ ನೋಡಲಿಲ್ಲ. ಸುತ್ತಲ ಹಳ್ಳಿಗಳಿಗೆಲ್ಲ ಡಂಗುರ ಹೊಡೆಸಿದ. ಚದುರಂಗ ಬಲ್ಲವರು ಯಾರು ಬೇಕಾದರೂ ಬರಬಹುದು. ಕುಲ ಕೇಳುವುದಿಲ್ಲ, ಊರು ಕೇಳುವುದಿಲ್ಲ. ಸೋತವರನ್ನು ಮನೆಗೆ ಅಟ್ಟುವುದಿಲ್ಲ. ಗೆದ್ದವರಿಗೆ ಗೆದ್ದವರು ಜೋಡಿ, ಸೋತವರಿಗೆ ಸೋತವರು ಜೋಡಿ. ಬಂದ ಅತಿಥಿ ಕೊನೆಯ ಸುತ್ತಿನವರೆಗೂ ಎದುರಾಳಿಯಿಲ್ಲದೆ ಕೂರುವುದಿಲ್ಲ, ಇದು ನನ್ನ ಮಾತು ಎಂದು ಸಾರಿಸಿದ.

ಜನ ಬಂದರು ನೋಡು! ನೇಕಾರರು ಬಂದರು, ಸಿಪಾಯಿಗಳು ಬಂದರು, ಶಾಸ್ತ್ರಿಗಳು, ಕುರಿಗಾಹಿಗಳು, ಸೂಲಗಿತ್ತಿಯರು ಬಂದರು. ಅರಳೆ ತುಂಬಿದ ಉಗ್ರಾಣ ಖಾಲಿ ಮಾಡಿಸಿ ಚದುರಂಗದ ಮಣೆ ಹಾಕಿಸಿದ, ಸಾಲಲಿಲ್ಲ. ಅಂಗಳಕ್ಕೆ ಚಪ್ಪರ ಹಾಕಿಸಿದ, ಅದೂ ಸಾಲದೆ ಬೀದಿಯಲ್ಲೂ ಮಣೆ ಹೂಡಿಸಿದ. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ಹಿರಿಯರು ಚದುರಂಗದ ಪಂದ್ಯ ನಡೆಸಿದವರಲ್ಲ, ಅದಕ್ಕೇ ಅಷ್ಟಕ್ಕೆ ನಿಲ್ಲಿಸಿದರು. ಒಂದೂರಿನವರ ರಾಜ ಆಟಕ್ಕೊಮ್ಮೆ ಕುದುರೆಯ ಹಾಗೆ ಹಾರುತ್ತಾನೆ, ಮತ್ತೊಂದೂರಿನವರ ರಾಜ ಹಾರುವುದಿಲ್ಲ. ಎತ್ತು ಏರಿಗೆ, ಕೋಣ ನೀರಿಗೆ. ಕೂರುವ ಇಬ್ಬರೂ ಅದನ್ನು ಮೊದಲೇ ಮಾತಾಡಿಕೊಳ್ಳಲಿ ಎಂದು ವ್ಯಾಪಾರಿ ಜಗಳ ಬಿಡಿಸಿದ. ಎಲ್ಲ ಊರಿನವರೂ ತಕರಾರಿಲ್ಲದೆ ಒಪ್ಪಿದ ನಿಯಮ ಒಂದೇ. ಕಾಯಿ ಮುಟ್ಟಿದವನು ಆಟಕ್ಕೆ ಕಟ್ಟುಬಿದ್ದ, ಮುಗಿಯುವ ತನಕ ಏಳುವಂತಿಲ್ಲ.

ವೃದ್ಧನೂ ಬಂದ. ಕಾಲ್ನಡಿಗೆಯಲ್ಲಿ ಬಂದು, ತೋರಿಸಿದ ಮಣೆಯ ಮುಂದೆ ಕೂತ.

ಜೋಡಿ ಕಟ್ಟುವಾಗ ಒಬ್ಬ ಕಡಿಮೆ ಬಿದ್ದ. ಸರಿಯಾಗಲೆಂದು ವ್ಯಾಪಾರಿ ತಾನೂ ಆಟಕ್ಕೆ ಕೂತ. ಬೆಳಿಗ್ಗೆ ಜೋಡಿ ಹೊಂದಿಸುವುದು, ಆಮೇಲೆ ಆಡುವುದು, ಆಟ ಮುಗಿದ ಮೇಲೆ ಸೌಟು ಹಿಡಿದು ಬಡಿಸುವುದು. ಒಂದೊಂದೇ ಸುತ್ತು ಕಳೆಯುತ್ತಾ ಬಂತು. ಸೋಲದೆ ಉಳಿದವರು ಇಬ್ಬರೇ, ಆ ವೃದ್ಧ ಮತ್ತು ಈ ವ್ಯಾಪಾರಿ. ಕೊನೆಯ ಸುತ್ತಿನಲ್ಲಿ ಅವರಿಬ್ಬರೇ ಎದುರುಬದುರು.

ಆ ಬೆಳಿಗ್ಗೆ ವ್ಯಾಪಾರಿ ಮಡಿಬಟ್ಟೆ ಉಟ್ಟು ಬಂದು ವೃದ್ಧನೆದುರು ಕೂತ. ಮೊದಲ ನಡೆ ಅವನದೇ. ಕಾಲಾಳಿನ ಕಡೆಗೆ ಕೈ ಚಾಚಿದ. ಅಷ್ಟರಲ್ಲಿ ಅವನ ಗುಮಾಸ್ತ ಓಡಿಬಂದ. ಗುಮಾಸ್ತನ ಬೆನ್ನ ಹಿಂದೆ ಒಬ್ಬ ಕಂಬಳಿ ನೇಯುವವನು ಬಂದು ನಿಂತ.

“ಸಾಹುಕಾರರೇ, ಇವನಿಗೆ ಜೋಡಿಯಾಗಿದ್ದ ಸಿಪಾಯಿ ಸೋತ ನಾಚಿಕೆಗೆ ಹೇಳದೆ ಕೇಳದೆ ಊರಿಗೆ ಹೋಗಿಬಿಟ್ಟಿದ್ದಾನೆ” ಎಂದ ಗುಮಾಸ್ತ. ಮತ್ತೆ ಬಗ್ಗಿ ಕಿವಿಯಲ್ಲಿ ಹೇಳಿದ: “ನೀವು ಕಾಯಿ ಮುಟ್ಟಿಬಿಡಿ. ಮುಟ್ಟಿದ ಮೇಲೆ ಏಳುವಂತಿಲ್ಲ, ಯಾರೂ ನಿಮ್ಮನ್ನು ಏನೂ ಅನ್ನುವಂತಿಲ್ಲ.”

ವ್ಯಾಪಾರಿಯ ಕೈ ಕಾಲಾಳಿನ ಮೇಲೆಯೇ ನಿಂತಿತು. ಕಂಬಳಿಯವನನ್ನು ನೋಡಿದ. ಬಂದಂದಿನಿಂದ ಒಂದು ಆಟವನ್ನೂ ಗೆಲ್ಲದವನು. ನೀನು ಆಡದೆಯೇ ಗೆದ್ದೆಯೆಂದು ಸಾರಿಸುತ್ತೇನೆ, ಆಗಬಹುದೇನಪ್ಪಾ ಎಂದು ಕೇಳಿದ.

“ಗೆಲುವು ತಗೊಂಡು ಏನ್ ಮಾಡ್ಲಿರಿ ಸಾವ್ಕಾರ್ರ? ಆಡಾಕ ಬಂದೀನಿ. ಎದುರಿಗೆ ಯಾರಾರ ಒಬ್ರು ಕುಂತ್ರ ಸಾಕು.”

ಚದುರಂಗದವನ ತಲೆ ಅಲ್ಲವೇ, ವ್ಯಾಪಾರಿ ಎಲ್ಲ ನಡೆಗಳನ್ನೂ ನೋಡಿದ. ಗುಮಾಸ್ತನನ್ನು ಕೂರಿಸೋಣವೆಂದರೆ ಅವನಿಗೆ ಕಾಯಿ ನಡೆಸಲೂ ಬಾರದು. ಕಂಬಳಿಯವನನ್ನು ಬೇರೆ ಯಾರೊಡನೆ ಕೂರಿಸಿದರೂ ಇನ್ನೊಬ್ಬ ಒಂಟಿಯಾಗುತ್ತಾನೆ. ತಾನೇ ಹೋಗಿ ಅವನೊಡನೆ ಕೂತರೆ ವೃದ್ಧ ಒಂಟಿಯಾಗುತ್ತಾನೆ. ಹೇಗೆ ತಿರುವಿ ಹಾಕಿದರೂ ಒಬ್ಬ ಉಳಿದೇ ಉಳಿಯುತ್ತಾನೆ, ಮತ್ತು ಮಾತು ಕೊಟ್ಟದ್ದು ಅತಿಥಿಗಳಿಗೆ. ಮಣೆಗೆ ಕೂತ ಅಷ್ಟು ಜನರಲ್ಲಿ ಅತಿಥಿಯಲ್ಲದವನು ಒಬ್ಬನೇ ಇದ್ದ.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರೆ. ಇಲ್ಲಿ ತುತ್ತನ್ನು ತಾನೇ ಕೆಳಗಿಡಬೇಕಾಗಿತ್ತು. ವ್ಯಾಪಾರಿಗೆ ಅಳು ಬಂತು. ಸುಳ್ಳೇಕೆ ಹೇಳಲಿ, ಕಣ್ಣು ತುಂಬಿ ಮಣೆಯೇ ಕಾಣದಾಯಿತು. ಆದರೂ ಕಾಯಿ ಮುಟ್ಟದೆ ಕೈ ಹಿಂದಕ್ಕೆ ತೆಗೆದುಕೊಂಡ. ಎದ್ದು, ಕಂಬಳಿಯವನ ರಟ್ಟೆ ಹಿಡಿದು ತನ್ನ ಜಾಗದಲ್ಲಿ ಕೂರಿಸಿದ.

ಕಂಬಳಿಯವನು ಗಡಗಡ ನಡುಗಿದ. ವೃದ್ಧ ತಲೆಯೆತ್ತಿ ವ್ಯಾಪಾರಿಯನ್ನು ಒಂದು ಗಳಿಗೆ ನೋಡಿದ. ಆಮೇಲೆ ಎದುರಿಗಿದ್ದವನ ಕಡೆ ತಿರುಗಿ ಕೇಳಿದ.

“ನಿಮ್ಮೂರಲ್ಲಿ ರಾಜ ಹಾರುತ್ತಾನೆಯೇ?”

“ಹಾರ್ತಾನ್ರಿ.”

“ಹಾಗಾದರೆ ಹಾರಲಿ” ಎಂದ ವೃದ್ಧ. ಆಟ ನಡೆಯಿತು.

ವ್ಯಾಪಾರಿಗೆ ಈಗ ಮಾಡಲು ಏನೂ ಕೆಲಸವಿರಲಿಲ್ಲ. ಸುಮ್ಮನೆ ಸಾಲುಗಳ ನಡುವೆ ನಡೆದ. ಇಷ್ಟು ದಿನ ಜೋಡಿ ಕಟ್ಟಿದ್ದ, ಎಲೆ ಹಾಕಿಸಿದ್ದ, ತನ್ನ ಮಣೆ ನೋಡಿಕೊಂಡಿದ್ದ. ಜನರನ್ನು ನೋಡಿರಲಿಲ್ಲ. ಈಗ ನೋಡಿದ. ಉಗ್ರಾಣದ ಒಳಗಿನಿಂದ ಬೀದಿಯ ಆ ತುದಿಯವರೆಗೂ ಬಾಗಿದ ತಲೆಗಳು. ಶಾಸ್ತ್ರಿಯ ಎದುರು ಸೂಲಗಿತ್ತಿ, ದಳವಾಯಿಯ ಎದುರು ಕುರಿಗಾಹಿ. ಅಷ್ಟೊಂದು ಜನ ಸೇರಿದ ಕಡೆ ಒಂದು ಸೊಲ್ಲಿಲ್ಲ. ಅಲ್ಲೊಮ್ಮೆ ಇಲ್ಲೊಮ್ಮೆ ಕಾಯಿ ಮಣೆಗೆ ತಾಗುವ ಸದ್ದು, ಅಷ್ಟೇ. ಪ್ರತಿಯೊಬ್ಬರೂ ತಮ್ಮನ್ನು ಮರೆತು ಎದುರಿಗಿದ್ದವರ ಮನಸ್ಸಿನಲ್ಲಿ ಏನಿದೆ ಎಂದು ಹುಡುಕುತ್ತಿದ್ದರು. ಬೀದಿಯಲ್ಲಿ ಎದುರಾದರೆ ಮುಖ ತಿರುಗಿಸಿ ಹೋಗುವವರು ಇವರೇನಾ? ಈ ಸೂಲಗಿತ್ತಿಯ ಮನಸ್ಸನ್ನು ಅವಳು ಹುಟ್ಟಿದಂದಿನಿಂದ ಯಾರಾದರೂ ಇಷ್ಟು ಶ್ರದ್ಧೆಯಿಂದ ಹುಡುಕಿದ್ದುಂಟೇ?

ಅಬ್ಬಾ, ಇದು ನನ್ನ ಅರಳೆಯ ಉಗ್ರಾಣವೇ ಎಂದುಕೊಂಡ. ಅವನ ಮೈ ಜುಮ್ಮೆಂದಿತು. ಯಾವಾಗ ಕಾಲಿನ ಚಪ್ಪಲಿ ಬಿಟ್ಟನೋ ಅವನಿಗೇ ತಿಳಿಯಲಿಲ್ಲ.

ತಿರುಗಿ ಬರುವಾಗ ವೃದ್ಧನ ಮಣೆ ಕಂಡಿತು. ಕಂಬಳಿಯವನ ಆಟ ಹೇಳಿಕೊಳ್ಳುವಂಥದ್ದಲ್ಲ. ಆದರೂ ವೃದ್ಧ ಅವನ ಒಂದೊಂದು ನಡೆಗೂ ಬಾಗಿ, ಹುಬ್ಬು ಗಂಟಿಕ್ಕಿ, ಇದರಲ್ಲಿ ಏನೋ ಇದೆ ಎನ್ನುವಂತೆ ಯೋಚಿಸುತ್ತಿದ್ದ. ಸೋಗು ಹಾಕುವ ಮುಖವಲ್ಲ ಅದು. ಕಂಬಳಿಯವನ ನಡುಕ ನಿಂತುಹೋಗಿತ್ತು, ಬೆನ್ನು ನೆಟ್ಟಗಾಗಿತ್ತು. ಬಿಸಿಲು ಇಳಿಯುವ ಹೊತ್ತಿಗೆ ಅವನು ಸೋತ. ಸೋತವನು ಗೊಳ್ಳೆಂದು ನಕ್ಕ. ಆ ಮೌನದಲ್ಲಿ ಮೊದಲು ಕೇಳಿದ್ದು ಆ ನಗುವೇ.

ಪಂದ್ಯ ಮುಗಿಯಿತು. ವೃದ್ಧ ಬಂದ ಹಾಗೆಯೇ ಕಾಲ್ನಡಿಗೆಯಲ್ಲಿ ಹೊರಟ. ವ್ಯಾಪಾರಿ ಊರ ಗಡಿಯ ತನಕ ಜೊತೆಗೆ ನಡೆದ. ಕೈಮುಗಿದು ಬೀಳ್ಕೊಟ್ಟು ಹಿಂದಿರುಗಿ, ಊಟಕ್ಕೆ ಕೂತವರಿಗೆ ಬಡಿಸಲು ಸೌಟು ಕೈಗೆತ್ತಿಕೊಂಡಾಗ ಅವನಿಗೆ ನೆನಪಾಯಿತು. ಒಂದು ಆಟ ಆಡೋಣವೇ ಎಂದು ಕೇಳುವುದನ್ನೇ ಮರೆತಿದ್ದ. ಸೌಟು ಹಿಡಿದು ಒಂದು ಗಳಿಗೆ ಹಾಗೇ ನಿಂತ. ಆಮೇಲೆ ನಗುತ್ತಾ ಬಡಿಸಲು ಹೋದ.

ಗುರುಗಳು ಕತೆ ನಿಲ್ಲಿಸಿದರು. ಮುರಿಗೆಯ್ಯನಿಗೆ ತಡೆಯಲಾಗಲಿಲ್ಲ.

“ಅಯ್ಯೋ ಪಾಪ! ಅಷ್ಟೆಲ್ಲ ಮಾಡಿದವನು ಆ ಮಹಾನುಭಾವನೊಡನೆ ಒಂದು ಆಟವನ್ನೂ ಆಡಲಿಲ್ಲವೇ, ಗುರುಗಳೇ?”

“ಇಷ್ಟು ಹೊತ್ತು ನಾನು ನಿನಗೆ ಹೇಳಿದ್ದು ಆ ಆಟವನ್ನೇ ಅಲ್ಲವೇನಯ್ಯಾ?” ಎಂದರು ಗುರುಗಳು.

ಮುರಿಗೆಯ್ಯ ಎದ್ದು ಚಾಪೆ ಹಾಸಲು ಹೋದ.