ಮೊದಲ ಅರ್ಥ

ತುಂಗಭದ್ರೆಯ ದಂಡೆಯ ಮೇಲೆ ಒಂದು ಆಶ್ರಮ. ಅಲ್ಲಿ ನಿರ್ವಾಣಪ್ಪನವರೆಂಬ ಗುರುಗಳು, ಕೊಟ್ರೇಶನೆಂಬ ಶಿಷ್ಯ. ಈ ಶಿಷ್ಯನಿಗೆ ಒಂದೇ ಹುಚ್ಚು. ಇಂಗ್ಲಿಷಿನ ದಿನಬಳಕೆಯ ಪದಗಳು ಎಲ್ಲಿ ಹುಟ್ಟಿ ಹೇಗೆ ಬೆಳೆದವೆಂದು ಕೆದಕಿ ಕೆದಕಿ ನೋಟುಪುಸ್ತಕದಲ್ಲಿ ಬರೆದಿಡುವುದು.

ಅದಕ್ಕೆಂದು ಅವನ ಹತ್ತಿರ ದಪ್ಪನೆಯದೊಂದು ನಿಘಂಟಿತ್ತು. ಹನ್ನೊಂದು ವರ್ಷದ ಹಿಂದೆ ಜೊತೆಯ ಶಿಷ್ಯ ಫಕೀರಪ್ಪ ಅದನ್ನು ಕದ್ದು, ಕಡಲೆಕಾಯಿ ಮಾರುವವನಿಗೆ ರದ್ದಿಗೆ ಹಾಕಿ ಓಡಿಹೋದ. ಕೊಟ್ರೇಶ ಸಂತೆಯಲ್ಲೆಲ್ಲ ಅಲೆದು, ಪೊಟ್ಟಣ ಬಿಚ್ಚಿ ಬಿಚ್ಚಿ ಅರ್ಧ ನಿಘಂಟು ಕೂಡಿಸಿದ. ಉಳಿದರ್ಧವನ್ನು ಊರವರು ಕಡಲೆ ತಿಂದು ಬೀಸಾಡಿದ್ದರು. ನೆನೆದಾಗಲೆಲ್ಲ ಅವನ ಹೊಟ್ಟೆ ಉರಿಯುತ್ತಿತ್ತು.

ಒಂದು ಮಧ್ಯಾಹ್ನ ಅದೇ ಫಕೀರಪ್ಪ ಬಂದು ಬಾಗಿಲಲ್ಲಿ ನಿಂತ. ತಲೆ ನರೆತಿತ್ತು. ಇಷ್ಟು ವರ್ಷ ಕಮ್ಮಾರಸಾಲೆಯಲ್ಲಿ ತಿದಿ ಒತ್ತಿದೆ, ತಪ್ಪಾಯಿತು, ಅಡುಗೆಮನೆಗೆ ನೀರು ಹೊತ್ತುಕೊಂಡಾದರೂ ಇಲ್ಲೇ ಇರುತ್ತೇನೆ ಎಂದು ಕೈಮುಗಿದ.

ಗುರುಗಳು ಕೊಟ್ರೇಶನ ಕಡೆ ತಿರುಗಿದರು. ಪುಸ್ತಕ ನಿನ್ನದು, ತೀರ್ಮಾನವೂ ನಿನ್ನದೇ ಎಂದರು.

“ಕಳ್ಳ ಯಾವತ್ತಿದ್ದರೂ ಕಳ್ಳನೇ,” ಎಂದ ಕೊಟ್ರೇಶ.

ಫಕೀರಪ್ಪ ಗಂಟು ಎತ್ತಿಕೊಂಡು ಹೊಳೆಯ ಕಡೆ ಇಳಿದ. ಅಲ್ಲಿ ಅಂಬಿಗ ಹರಿಗೋಲಿಗೆ ಜನ ತುಂಬಿಸಿಕೊಳ್ಳುತ್ತಿದ್ದ.

ಗುರುಗಳು ಏನೂ ಆಗಿಲ್ಲವೆಂಬಂತೆ, ಇವತ್ತು ಯಾವ ಪದ ಬರೆದೆ ಎಂದು ಕೇಳಿದರು. ಕೊಟ್ರೇಶನ ಮುಖ ಅರಳಿತು. ನೈಸ್ ಎಂಬ ಪದ ಎಂದ. ಲ್ಯಾಟಿನ್ನಿನಲ್ಲಿ ಅದರ ಮೂಲಕ್ಕೆ ಏನೂ ಅರಿಯದವನೆಂದು ಅರ್ಥವಂತೆ. ಇಂಗ್ಲಿಷಿಗೆ ಬಂದಾಗಲೂ ಅದು ದಡ್ಡನೇ. ಆಮೇಲೆ ಸೋಮಾರಿ ಎನಿಸಿಕೊಂಡು, ನಾಜೂಕು ಎನಿಸಿಕೊಂಡು, ಒಳ್ಳೆಯದು ಎಂಬ ಅರ್ಥಕ್ಕೆ ಬಂದು ಮುಟ್ಟಲು ಹತ್ತಿರ ಹತ್ತಿರ ಐನೂರು ವರ್ಷ ಹಿಡಿಯಿತಂತೆ.

ಗುರುಗಳು ಪೆನ್ನು ತೆಗೆದು ಅವನ ಕೈಗಿಟ್ಟರು.

“ದಡ್ಡ ಅನ್ನೋದನ್ನ ಮಾತ್ರ ಉಳಿಸು. ಮಿಕ್ಕಿದ್ದನ್ನೆಲ್ಲ ಹೊಡೆದುಹಾಕು.”

ಕೊಟ್ರೇಶನಿಗೆ ಜೀವ ಹೋದಂತಾಯಿತು. ನೋಟುಪುಸ್ತಕವನ್ನು ಎದೆಗೆ ಅವಚಿಕೊಂಡ.

“ಅದು ಅನ್ಯಾಯ ಗುರುಗಳೇ. ಮೊದಲಿನ ಅರ್ಥವನ್ನೇ ಹಿಡ್ಕೊಂಡು ಕೂತರೆ, ಪಾಪ, ಅದು ಇಷ್ಟು ದೂರ ನಡೆದು ಬಂದದ್ದಕ್ಕೆ ಏನು ಬೆಲೆ?”

ಗುರುಗಳು ಹೊಳೆಯ ಕಡೆ ನೋಡಿದರು.

“ಹರಿಗೋಲು ಇನ್ನೂ ಬಿಟ್ಟಿಲ್ಲ, ಕೊಟ್ರೇಶ.”