ಅಡಿವೆಪ್ಪ ತಾಳೆ ನೋಡಿದ್ದು

ಧಾರವಾಡದ ಒಂದು ಓಣಿಯಲ್ಲಿ ನೀಲವ್ವ ಅಂತ ಒಬ್ಬಳು ಕಸೂತಿಯವಳಿದ್ದಳು. ಅವಳಿಗೆ ಅಡಿವೆಪ್ಪ ಅಂತ ಒಬ್ಬನೇ ಮಗ. ಅಡಿವೆಪ್ಪ ಹೇಳಿದ್ದನ್ನು ಹೇಳಿದ ಹಾಗೆ ಮಾಡುತ್ತಿದ್ದ. ತೊಂದರೆ ಅಂದರೆ ಅದೇ. ಅನ್ನ ಬೆಂತೇನು ನೋಡಿ ಬಾ ಅಂದರೆ ಹೋಗಿ ನೋಡಿ ಬರುತ್ತಿದ್ದ. ಅತ್ತ ಅನ್ನ ಸೀದು ಹೋಗುತ್ತಿತ್ತು. ಇಳಿಸು ಅಂತ ಯಾರೂ ಹೇಳಿರಲಿಲ್ಲವಲ್ಲ!

ನೀಲವ್ವನ ಕಣ್ಣು ಮಂಜಾಗುತ್ತ ಬಂದಿತ್ತು. ಸೂಜಿ ಕೈ ತಪ್ಪುತ್ತಿರಲಿಲ್ಲ, ಆದರೆ ಚಿತ್ರ ಗುರುತು ಹಾಕುವುದು ಕಷ್ಟವಾಗಿತ್ತು. ಅದನ್ನು ಕೇಳಿ ಶಾಲೆಯಲ್ಲಿ ಲೆಕ್ಕ ಕಲಿಸುವ ಬಡಿಗೇರ ಮಾಸ್ತರರು ತಮ್ಮ ಹಳೆಯ ಗ್ರಾಫ್ ಕ್ಯಾಲ್ಕುಲೇಟರ್ ತಂದು ಅಡಿವೆಪ್ಪನ ಕೈಗೆ ಕೊಟ್ಟರು. ಚಿತ್ರದ ಚುಕ್ಕಿಗಳನ್ನು ಅದರಲ್ಲಿ ಹಾಕಬೇಕು. ನಾಲ್ಕು ಅಂಕಿಯ ಒಂದು ಚೌಕ ಹಾಕಿ ಗುಣಿಸು ಅನ್ನಬೇಕು. ಆ ಚೌಕಕ್ಕೆ ಮ್ಯಾಟ್ರಿಕ್ಸ್ ಅಂತ ಹೆಸರು. ಅಂಕಿ ಬದಲಿಸಿದಂತೆ ಪರದೆಯ ಮೇಲಿನ ಚಿತ್ರ ಹೊರಳುತ್ತದೆ, ತಿರುಗುತ್ತದೆ, ಹಿಗ್ಗುತ್ತದೆ. ಅದನ್ನು ನೋಡಿ ಬಟ್ಟೆಯ ಮೇಲೆ ಚುಕ್ಕಿ ಇಟ್ಟರೆ ಹೊಲಿಯಲು ಗುರುತು ಸಿದ್ಧ.

"ಇದಕ್ಕ ಸ್ವಂತ ಬುದ್ಧಿ ಇಲ್ಲೋ ತಮ್ಮಾ. ಹೇಳಿದ್ದಷ್ಟ ಮಾಡತೈತಿ," ಅಂದರು ಮಾಸ್ತರರು.

"ನನ್ನಂಗ ಅನ್ರಿ," ಅಂದ ಅಡಿವೆಪ್ಪ. ಅವತ್ತಿನಿಂದ ಇಬ್ಬರಿಗೂ ಭಾರಿ ದೋಸ್ತಿ.

ಆಗ ನೀಲವ್ವನ ಹಳೆಯ ಗಿರಾಕಿ ಪದ್ಮಾಬಾಯಿಯವರ ಮನೆಯ ಕೆಲಸ ಬಂತು. ಮಗಳು ಗೌರಿಯ ಕುಬಸ, ಅಂದರೆ ಸೀಮಂತ. ಮೊದಲು ಬಾಗಿಲಿಗೊಂದು ತೋರಣ, ಆರತಿ ತಟ್ಟೆ ಮುಚ್ಚಲು ಒಂದು ಬಟ್ಟೆ. ಅವು ಚೆನ್ನಾಗಿ ಬಂದರೆ ಕಪ್ಪು ಚಂದ್ರಕಾಳಿ ಸೀರೆ.

ತೋರಣದ ಎಡಕ್ಕೆ ಒಂದು ಗಿಳಿ, ಅದರ ಕೆಳಗೆ ಗೌರಿಯ ಹೆಸರು.

"ಈ ಕಡೆ ಇದ್ದದ್ದೆಲ್ಲಾ ಆ ಕಡೆ ಬರಲಿ. ಕನ್ನಡಿಯೊಳಗ ಕಂಡಂಗ ಇರಬೇಕು ನೋಡು," ಅಂದಳು ನೀಲವ್ವ.

ಅಡಿವೆಪ್ಪ ಒಂದು ಅಂಕಿಯ ಮುಂದೆ ಮೈನಸ್ ಹಾಕಿದ. ಗಿಳಿ ಮುಖ ತಿರುವಿತು. ಗೌರಿಯ ಹೆಸರೂ ಮುಖ ತಿರುವಿತು. ನೀಲವ್ವನಿಗೆ ಓದು ಬಾರದು, ಚುಕ್ಕಿ ಇದ್ದ ಹಾಗೆ ಹೊಲಿದು ಕಳಿಸಿದಳು.

"ನನ್ನ ಮಗಳ ಹೆಸರು ಓದಾಕ, ಬಂದವರ ಕೈಯಾಗ ಕನ್ನಡಿ ಕೊಡಬೇಕೇನ ನೀಲವ್ವಾ?" ಅಂದರು ಪದ್ಮಾಬಾಯಿ.

ನೀಲವ್ವ ಮನೆಗೆ ಬಂದು ಮಗನನ್ನು ಬೈದಳು. "ಏ ಪೆದ್ದಾ, ಕನ್ನಡಿ ಸುದ್ದಿಗೆ ಇನ್ನ ಹೋಗಬ್ಯಾಡ. ಸುಮ್ಮನ ತಿರುಗಿಸು."

"ಆತವ್ವ," ಅಂದ ಅಡಿವೆಪ್ಪ.

ಆಮೇಲೆ ಆರತಿ ತಟ್ಟೆಯ ಬಟ್ಟೆ. ಒಂದು ಮೂಲೆಯಲ್ಲಿ ಕಮಲದ ಬಳ್ಳಿ ಇತ್ತು, ಉಳಿದ ಮೂರು ಮೂಲೆಗೂ ಅದೇ ಬರಬೇಕು. ಅಡಿವೆಪ್ಪ ತಿರುಗಿಸಿದ. ಯಂತ್ರಕ್ಕೆ ಸೊನ್ನೆ, ಅಂದರೆ ಲೆಕ್ಕ ಶುರುವಾಗುವ ಚುಕ್ಕಿ, ಎಲ್ಲಿದೆಯೋ ಅದರ ಸುತ್ತ ತಿರುಗಿಸುವುದು ಗೊತ್ತು. ಅಡಿವೆಪ್ಪ ಸೊನ್ನೆಯನ್ನು ಬಟ್ಟೆಯ ನಡುವೆ ಇಡದೆ ಮೂಲೆಯ ತುದಿಯಲ್ಲಿ ಇಟ್ಟಿದ್ದ. ನೀಲವ್ವ ಬಂದು ನೋಡಿದರೆ ಒಂದು ಬಳ್ಳಿ ಬಟ್ಟೆಯ ಮೇಲಿತ್ತು, ಒಂದು ಚಾಪೆಯ ಮೇಲೆ, ಒಂದು ನೆಲದ ಮೇಲೆ. ನಾಲ್ಕನೆಯದು ಅಲ್ಲೇ ಮಲಗಿದ್ದ ಬೆಕ್ಕಿನ ಮೇಲೆ.

"ಇದೇನೋ ಇದು?"

"ಬಟ್ಟಿ ಮುಗೀತವ್ವ, ಬಳ್ಳಿ ಮುಗೀಲಿಲ್ಲ."

ನೀಲವ್ವ ಹಣೆ ಹಣೆ ಬಡಿದುಕೊಂಡಳು. "ಹಂಗಲ್ಲೋ! ಏನ ತಿರುಗಿಸಿದ್ರೂ ಮೊದಲು ನಟ್ಟನಡುವ ತಗೊಂಡ ಬಾ, ಅಲ್ಲಿ ತಿರುಗಿಸು, ಆಮ್ಯಾಲ ಎಲ್ಲಿತ್ತೋ ಅಲ್ಲೇ ಒಯ್ದ ಇಡು."

"ಆತವ್ವ."

ಕೂತು ಬಳ್ಳಿಗಳನ್ನು ಸರಿಮಾಡಿಸಿ, ಹೊಲಿದು ಮುಗಿಸಿ, ನೀಲವ್ವ ಬಟ್ಟೆಯನ್ನು ಪದ್ಮಾಬಾಯಿಯವರ ಮನೆಗೆ ಕಳಿಸಿದಳು. ಅಡಿವೆಪ್ಪ ಹೋದ. ಅವರ ಪಡಸಾಲೆಯ ನಟ್ಟನಡುವೆ ಬಟ್ಟೆ ಹಾಸಿದ, ಒಂದು ಸುತ್ತು ತಿರುಗಿಸಿದ, ಮಡಚಿ ಕಂಕುಳಲ್ಲಿಟ್ಟುಕೊಂಡು ಮನೆಗೆ ಬಂದು ಮೊದಲಿದ್ದ ಟ್ರಂಕಿನಲ್ಲೇ ಇಟ್ಟ.

ಅವನ ಹಿಂದೆಯೇ ಪದ್ಮಾಬಾಯಿ ಬಂದರು. "ನೀಲವ್ವಾ, ನಿನ್ನ ಕೈಯಾಗಿನ ಕೆಲಸ ಛಲೋ ಐತಿ ಅಂತ ಇಷ್ಟ ದಿನ ತಡಕೊಂಡೀನಿ. ಸೀರಿ ಒಂದು ಕೆಟ್ಟರ ಮುಂದ ಎಲ್ಲಾ ಮಷಿನ್ ಕಸೂತಿಯವರಿಗೇ ಕೊಡತೀನಿ," ಅಂದರು.

ನೀಲವ್ವ ಮಗನನ್ನು ಎದುರಿಗೆ ಕೂರಿಸಿಕೊಂಡಳು. ಸೂಜಿ ಬಿಟ್ಟರೆ ಅವಳಿಗೆ ಬೇರೆ ಏನೂ ಗೊತ್ತಿರಲಿಲ್ಲ.

"ಅಡಿವೆಪ್ಪಾ, ಕೈ ಮುಗೀತೀನಿ. ಏನ ಕೆಲಸ ಮುಗಿಸಿದ್ರೂ ಕಡೀಕ ಸರಿ ಐತೋ ಇಲ್ಲೋ ತಾಳೆ ನೋಡೋ."

"ತಾಳೆ ಹೆಂಗ ನೋಡಬೇಕವ್ವ?"

"ಮಾಸ್ತರನ್ನ ಕೇಳು."

ಮಾಸ್ತರರು ಹೇಳಿದರು: "ನೀ ಹಾಕೋ ಇಂಥ ಮ್ಯಾಟ್ರಿಕ್ಸ್‌ಗೆಲ್ಲಾ ಒಂದೊಂದು ವಿಲೋಮ ಅಂತ ಇರತೈತಿ. ಅದು ಮಾಡಿದ್ದನ್ನ ಇದು ಬಿಚ್ಚತೈತಿ. ಕಡೇದು ಮೊದಲು ಬಿಚ್ಚು, ಮೊದಲಿಂದು ಕಡೀಕ. ಶುರುವಿಗೆ ಹೆಂಗಿತ್ತೋ ಹಂಗ ಬಂತಂದ್ರ ನಿನ್ನ ಕೆಲಸ ಸರಿ."

ಅಡಿವೆಪ್ಪ ಯಂತ್ರದಲ್ಲಿ ಮಾಡಿ ನೋಡಿದ. ಸೀರೆಗೆಂದು ತಿರುಗಿಸಿದ್ದ ಆನೆ ಮತ್ತೆ ತನ್ನ ಜಾಗಕ್ಕೆ ಬಂದು ನಿಂತಿತು. ಅವನಿಗೆ ಸಂತೋಷವಾಯಿತು. ಸೀರೆಯ ಸೆರಗಿಗೆ ಅವನು ಹಾಕಿದ ಗುರುತಿನಲ್ಲಿ ಈ ಸಲ ಒಂದು ಚುಕ್ಕಿಯೂ ತಪ್ಪಲಿಲ್ಲ. ಆನೆಗಳು ಸಾಲಾಗಿ ನಿಂತವು, ಗೋಪುರಗಳು ನೆಟ್ಟಗೆ ನಿಂತವು. ನೀಲವ್ವ ತಿಂಗಳುಗಟ್ಟಲೆ ಕೂತು ಹೊಲಿದಳು. ಅವಳ ಕಸೂತಿಯಲ್ಲಿ ಗಂಟು ಇರುವುದಿಲ್ಲ. ಎಳೆ ಹೋದ ದಾರಿಯಲ್ಲೇ ಹಿಂದಿರುಗಿ ಬರಬೇಕು, ಬಟ್ಟೆಯ ಹಿಂದೆ ಮುಂದೆ ಎರಡೂ ಒಂದೇ ಥರ ಕಾಣಬೇಕು. ಅಂಥ ಕೆಲಸ ಅವಳ ಕೈಯಿಂದಲೂ ಹಿಂದೆ ಬಂದಿರಲಿಲ್ಲ.

ಕುಬಸದ ಹಿಂದಿನ ದಿನ ಬೆಳಿಗ್ಗೆ ಸೀರೆ ಮುಗಿಯಿತು. ನೀಲವ್ವ ಹಿಗ್ಗಿ ಪದ್ಮಾಬಾಯಿಯವರನ್ನು ಕರೆತರಲು ತಾನೇ ಹೊರಟಳು.

"ನಾ ಬರೂದ್ರೊಳಗ ಸೀರಿ ಮಡಚಿ ಇಡು."

"ಆತವ್ವ," ಅಂದ ಅಡಿವೆಪ್ಪ.

ಪದ್ಮಾಬಾಯಿಯವರ ಮನೆಯಲ್ಲಿ ಹೋಳಿಗೆ ಮಾಡುವ ಗದ್ದಲ. ನೀಲವ್ವನೂ ಹೂರಣ ರುಬ್ಬಿ ಕೊಟ್ಟಳು. ಇಬ್ಬರೂ ಮನೆಗೆ ಬರುವಾಗ ಸಂಜೆ. ಸೀರೆ ಅಚ್ಚುಕಟ್ಟಾಗಿ ಮಡಚಿ ಮಣೆಯ ಮೇಲಿತ್ತು. ಪದ್ಮಾಬಾಯಿ ಸೆರಗು ಬಿಡಿಸಿದರು. ಆನೆ ಇಲ್ಲ, ಗೋಪುರ ಇಲ್ಲ. ಅಂಗಡಿಯಿಂದ ತಂದ ದಿನ ಇದ್ದ ಹಾಗೆ ಬರೀ ಕಪ್ಪು.

"ಹೊಲಿಗಿ ಎಲ್ಲಿ ನೀಲವ್ವಾ?"

"ತಾಳೆ ನೋಡೀನ್ರಿ," ಅಂದ ಅಡಿವೆಪ್ಪ. ಅವನ ಮುಖ ಅರಳಿತ್ತು. "ಕಡೇದು ಮೊದಲು ಬಿಚ್ಚಿದೆ, ಮೊದಲಿಂದು ಕಡೀಕ ಬಿಚ್ಚಿದೆ. ಎಳಿ ಎಲ್ಲೂ ಸಿಕ್ಕಿಕೊಳ್ಳಲಿಲ್ಲ. ಶುರುವಿಗೆ ಹೆಂಗಿತ್ತೋ ಹಂಗ ಬಂದೈತಿ. ಅವ್ವಾ, ನೀ ಒಂದು ಎಳೀನೂ ತಪ್ಪು ಹಾಕಿಲ್ಲ!"

ಹಾಗಂದು, ಬಿಚ್ಚಿದ ಬಿಳಿ ದಾರದ ಉಂಡೆಯನ್ನು ಅವ್ವನ ಕೈಗೆ ಕೊಟ್ಟ.

ಪದ್ಮಾಬಾಯಿ ಸೀರೆ ತೆಗೆದುಕೊಂಡು ಮಷಿನ್ ಕಸೂತಿಯ ಅಂಗಡಿ ಇದ್ದ ದಿಕ್ಕಿಗೆ ನಡೆದರು. ನೀಲವ್ವ ಬೈಯಲು ಬಾಯಿ ತೆರೆದಳು. ಬೈದರೆ ಒಂದು ಬುದ್ಧಿ ಹೇಳಬೇಕು, ಹೇಳಿದರೆ ಅದನ್ನೂ ಮಾಡುತ್ತಾನೆ. ಅವಳಿಗೆ ಅಳು ಬಂತು.

"ಹೋಗೋ ಮಾರಾಯಾ, ನನ್ನ ಕಣ್ಣ ಮುಂದ ನಿಂದ್ರಬ್ಯಾಡ," ಅಂದಳು.

"ಆತವ್ವ," ಅಂದ ಅಡಿವೆಪ್ಪ. ಸುತ್ತು ಹಾಕಿಕೊಂಡು ಬಂದು ಅವಳ ಬೆನ್ನ ಹಿಂದೆ ನಿಂತ.