ಪಟೇಲನ ಪೇಟದ ಹೂವು

ಊರಬಾವಿಯನ್ನು ತನ್ನ ಹಿತ್ತಲಿಗೆ ಸೇರಿಸಿಕೊಳ್ಳುವ ಆಸೆಯಿಂದ ಪಟೇಲ ಮರೀಗೌಡ ಮಾರಮ್ಮನ ಗುಡಿಯಲ್ಲಿ ಹೂ ಕೇಳಿಸಿದ. ಅಮ್ಮನ ಮುಡಿಯಿಂದ ಹೂ ಬಲಕ್ಕೆ ಬಿದ್ದರೆ ಒಪ್ಪಿಗೆ, ಎಡಕ್ಕೆ ಬಿದ್ದರೆ ಇಲ್ಲ. ಎಡಕ್ಕೆ ಬಿತ್ತು. ಮತ್ತೆ ಕೇಳಿಸಿದ. ಮತ್ತೆ ಎಡಕ್ಕೇ.

"ಸರಿಯಾಗಿ ಬೇಡ್ಕೊಳ್ಳೋ ಜವರಯ್ಯ! ಅಮ್ಮನ ಮನಸ್ಸು ತಿರುಗಿಸದಿದ್ರೆ ಪ್ರಾರ್ಥನೆ ಯಾಕೋ? ಹೂ ಬಲಕ್ಕೆ ಬೀಳೋಗಂಟ ನಿನಗೆ ಊಟ ಇಲ್ಲ" ಎಂದು ಪೂಜಾರಿಯನ್ನು ಗದರಿದ.

ಹಸಿದ ಜವರಯ್ಯ ಅಮ್ಮನಿಗೆ ಬೆನ್ನು ತಿರುಗಿಸಿ, ಪಟೇಲನ ಪೇಟದ ಬಲ ಅಂಚಿಗೆ ಒಂದು ಹೂ ಇಟ್ಟು ಕೈಮುಗಿದ.

"ಏಯ್, ಇದೇನೋ?"

"ಅಮ್ಮ ಹೇಳೋದು ಹೇಳಾಯ್ತು ಗೌಡ್ರೆ. ಈಗ ಬಾವಿ ಬಿಟ್ಬುಡಿ ಅಂತ ನಾನು ನಿಮ್ಮನ್ನೇ ಬೇಡ್ಕೊತಾವ್ನಿ. ಪ್ರಾರ್ಥನೆಗೆ ಮನಸ್ಸು ತಿರುಗ್ತದಾ ನೋಡವಾ."

ಪಟೇಲ ಕತ್ತು ಅಲ್ಲಾಡಿಸದೆ ಕಲ್ಲಿನಂತೆ ನಿಂತ. ಜವರಯ್ಯ ಬಲು ಭಕ್ತಿಯಿಂದ ಸಾಂಬ್ರಾಣಿ ಹೊಗೆಯನ್ನು ಅವನ ಮೂಗಿನ ಬುಡಕ್ಕೆ ಹಿಡಿದ.

ಪಟೇಲ ಸೀನಿದ. ಹೂ ಬಲಕ್ಕೆ ಬಿತ್ತು. ಜವರಯ್ಯ ಊಟಕ್ಕೆ ಹೋದ.